ತೆರೆದೇ ಇದ್ದ ಸೆಷನ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಮಾಡಿದ್ದನ್ನಂತೂ ಮುಚ್ಚಿಡುವುದಿಲ್ಲ.

ಆಸ್ಪತ್ರೆಯ ನೆಟ್‌ವರ್ಕ್ ಕೆಲಸವನ್ನು ನನಗೆ ಕಲಿಸಿದ ಹಿರಿಯರನ್ನು ಗುರುಗಳೇ ಎನ್ನುತ್ತಿದ್ದೆ. ಕಮಾಂಡ್ ಹೊಡೆಯುವ ಮೊದಲು ಎಂಟರ್ ಕೀ ಎರಡು ಸಲ ಕುಟ್ಟುವುದು ಅವರ ಚಾಳಿ. ಒಂದು ದಿನ ಅವರು ನೆಟ್‌ವರ್ಕ್ ನಡೆಸುವ ಮುಖ್ಯ ಸ್ವಿಚ್‌ನಲ್ಲಿ ತಮ್ಮ ಹೆಸರಿನಿಂದ ತೆರೆದಿದ್ದ ಸೆಷನ್ ಮುಚ್ಚದೆ ಊಟಕ್ಕೆ ಎದ್ದರು. ನಾನು ಅದರಲ್ಲೇ ಒಂದು ತಪ್ಪು ಕಮಾಂಡ್ ಕೊಟ್ಟೆ; ಇಡೀ ಆಸ್ಪತ್ರೆಯ ನೆಟ್‌ವರ್ಕ್ ಬಿತ್ತು. ಯಾರು ಏನು ಮಾಡಿದರೆಂದು ದಾಖಲಾಗುವ ಲಾಗ್‌ನಲ್ಲಿ ಇದ್ದದ್ದು ಅವರ ಹೆಸರು. "ನಾನಲ್ಲ" ಎಂದು ಅವರು ಎಷ್ಟು ಬಡಕೊಂಡರೂ ಕೆಲಸ ಹೋಯಿತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಕೆಲಸ ಹೋಗಿ ಸರಿಯಾಗಿ ಎರಡು ತಿಂಗಳಿಗೆ ಅವರು ತೀರಿಕೊಂಡರು.

ಅವರ ಕುರ್ಚಿ ನನಗೆ ಬಂತು. ಕೂತ ದಿನವೇ, ಐದು ನಿಮಿಷ ಯಾರೂ ಕೀ ಒತ್ತದಿದ್ದರೆ ಸೆಷನ್ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿದೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಸ್ವಿಚ್ ಕೋಣೆಯ ಬೀಗ ತೆಗೆದೆ. ಒಳಗೆ ಎಂದಿನಂತೆ ಏಸಿಯ ಕೊರೆಯುವ ಚಳಿ. ಕೀಬೋರ್ಡ್ ಮಾತ್ರ ಬೆಚ್ಚಗಿತ್ತು. ಪರದೆಯ ಮೇಲೆ ನನ್ನ ಹೆಸರಿನ ಸೆಷನ್ ತೆರೆದಿತ್ತು. ಮುಚ್ಚಿದೆ. ಮತ್ತೆ ತೆರೆದುಕೊಂಡಿತು. ಕೈ ಹಿಂದಕ್ಕೆ ಎಳೆದುಕೊಂಡೆ. ಎಂಟರ್ ಕೀ ಎರಡು ಸಲ ಟಕ್ ಟಕ್ ಎಂದಿತು.

ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಫೋನ್ ಬಂತು. "ಏನಪ್ಪ ಮಾಡ್ದೆ? ಇಡೀ ಆಸ್ಪತ್ರೆ ನೆಟ್‌ವರ್ಕ್ ಬಿದ್ದಿದೆ."

"ನಾನಲ್ಲ ಮೇಡಂ."

"ಲಾಗ್‌ನಲ್ಲಿ ನಿನ್ನ ಹೆಸರೇ ಇದೆಯಲ್ಲ."

ನನ್ನ ಲಾಗಿನ್ ಅಳಿಸಿದ್ದಾರೆ. ಆದರೂ ಆ ಸೆಷನ್ ಮುಚ್ಚುತ್ತಿಲ್ಲವಂತೆ. ಕೊನೆಯ ಕೀ ಒತ್ತಿ ಎಷ್ಟು ಹೊತ್ತಾಯಿತು ಎಂದು ಯಾವಾಗ ನೋಡಿದರೂ ಸೊನ್ನೆ ಸೆಕೆಂಡ್ ಎಂದೇ ತೋರಿಸುತ್ತದಂತೆ.

ನನ್ನನ್ನು ಕೆಲಸದಿಂದ ತೆಗೆದು ನಾಳೆಗೆ ಸರಿಯಾಗಿ ಎರಡು ತಿಂಗಳು.