ಶಿರಸ್ತ್ರಾಣದೊಳಗಿನ ಸಹಿ

"ವೇದಮ್ಮಾ, ಶಿರಸ್ತ್ರಾಣ ಕಾಣ್ತಿಲ್ಲ! ಕಳ್ಳ ಯಾರು ಅಂತ ನಂಗೊತ್ತು. ನೀವು ಬಂದು ರುಜುವಾತು ಮಾಡ್ಕೊಡಿ, ಅಷ್ಟೇ ಸಾಕು."

ಶನಿವಾರ ಬೆಳಿಗ್ಗೆ ಹನುಮಂತರಾಜು ಹೀಗೆ ಕೂಗಿದ್ದು ಫೋನಿನಿಂದ ದೂರ ಕುಳಿತಿದ್ದ ನನಗೂ ಕೇಳಿಸಿತು. ನನ್ನ ಹೆಂಡತಿ ವೇದವತಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮ್ಯೂಸಿಯಂನಲ್ಲಿ ಹಳೆಯ ಬಟ್ಟೆಗಳನ್ನು ದುರಸ್ತಿ ಮಾಡುತ್ತಿದ್ದವಳು. ನಿವೃತ್ತಳಾದ ಮೇಲೆ, ಗೆಳೆಯರ ಬಳಗದಲ್ಲಿ ಏನೇ ಗೋಜಲಾದರೂ ಕರೆ ಬರುವುದು ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಗೇ. ಯೋಚಿಸುವುದು ಅವಳ ಕೆಲಸ. ಕಾರು ಓಡಿಸುವುದು, ಆಮೇಲೆ ಬರೆದಿಡುವುದು ನನ್ನದು.

ಲಿವರ್‌ಮೋರ್ ಊರಿನಲ್ಲಿದ್ದ ಅವರ ಮನೆ ನನಗೆ ಹೊಸದಲ್ಲ. ಮಂಡ್ಯ ಕಡೆಯ ಹನುಮಂತರಾಜು ಎಂಜಿನಿಯರ್ ಆಗಿದ್ದಾಗಿನಿಂದ ಜಪಾನಿನ ಸಮುರಾಯಿ ಯೋಧರ ಹಳೆಯ ಕವಚಗಳ ಹುಚ್ಚು ಹಿಡಿಸಿಕೊಂಡವರು. ಅವರ ಸಂಗ್ರಹದ ಕಿರೀಟವೆಂದರೆ ಕಬ್ಬಿಣದ ಪಟ್ಟಿಗಳನ್ನು ರಿವೆಟ್ ಹೊಡೆದು ಕೂಡಿಸಿದ ಒಂದು ಶಿರಸ್ತ್ರಾಣ. ಅದರೊಳಗೆ ನಾರುಬಟ್ಟೆಯ ಅಸ್ತರು. ಅಸ್ತರಿನ ಸಂದಿನಲ್ಲಿ ಇಣುಕಿದರೆ ಮ್ಯೋಚಿನ್ ಎಂಬ ಹೆಸರಾಂತ ಕಮ್ಮಾರ ಮನೆತನದ ಸಹಿಯ ತುದಿ ಕಾಣುತ್ತಿತ್ತು. 'ಮಾಡಿದಂದಿನಿಂದ ಈ ಅಸ್ತರನ್ನು ಯಾರೂ ಬಿಚ್ಚಿಲ್ಲ' ಎಂದು ಮಾರಿದವನು ಹೇಳಿದ್ದನಂತೆ. ಆ ದಿನ ಮಧ್ಯಾಹ್ನ ಕವಚಪ್ರಿಯರೆಲ್ಲ ಅಲ್ಲಿ ಸೇರುವವರಿದ್ದರು. ಮಿಸೆಸ್ ಹಯಾಶಿ ಎಂಬ ತಜ್ಞೆ ಎಲ್ಲರೆದುರು ಅಸ್ತರು ಬಿಚ್ಚಿ ಸಹಿ ಪರೀಕ್ಷಿಸುವುದು, ಆಮೇಲೆ ಹನುಮಂತರಾಜು ಅವರ ಭಾಷಣ. ಹೃದಯದ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದಾಗಲೂ ಅವರು ಆ ಭಾಷಣವನ್ನೇ ತಿದ್ದುತ್ತಿದ್ದರು.

ನಾವು ಹೋದಾಗ ಅವರು ಖಾಲಿ ಗಾಜಿನ ಕಪಾಟಿನ ಮುಂದೆ ನಿಂತಿದ್ದರು. ಸೋಫಾದ ಮೇಲೆ ಗುರುಕಿರಣ ತಲೆ ತಗ್ಗಿಸಿ ಕುಳಿತಿದ್ದ. ಮೈಸೂರಿನವನು, ಹಲ್ಲಿನ ಡಾಕ್ಟರು. ಅವನಿಗೂ ಇದೇ ಹುಚ್ಚು; ಹರಾಜುಗಳಿಗೆ ಇಬ್ಬರೂ ಜೊತೆಯಾಗಿಯೇ ಹೋಗುತ್ತಿದ್ದರು.

"ನಿನ್ನೆ ಸಂಜೆ ಬಂದು, 'ಪರೀಕ್ಷೆ ಮುಂದಕ್ಕೆ ಹಾಕು ರಾಜು' ಅಂತ ಒಂದೇ ಸಮ ಗೋಗರೆದ. ನಾನು ಒಪ್ಪಲಿಲ್ಲ. ಮನೆ ಬಾಗಿಲಿನ ಬೀಗದ ಕೋಡು ನಮ್ಮನ್ನ ಬಿಟ್ರೆ ಗೊತ್ತಿರೋದು ಇವನಿಗೊಬ್ಬನಿಗೇ. ಬೆಳಿಗ್ಗೆ ಎದ್ದು ನೋಡಿದ್ರೆ ಕಪಾಟು ಖಾಲಿ. ಬಾಯಿ ಬಿಡು ಅಂದ್ರೆ ಬಿಡ್ತಾ ಇಲ್ಲ ನೋಡಿ!"

"ನಾನು ತಗೊಂಡಿಲ್ಲ ರಾಜು. ಅದಕ್ಕಿಂತ ಹೆಚ್ಚು ಏನೂ ಕೇಳ್ಬೇಡ," ಎಂದ ಗುರುಕಿರಣ. ಅವನ ಕಣ್ಣು ಒದ್ದೆಯಾಗಿತ್ತು.

ವೇದವತಿ ಕಪಾಟಿನೊಳಗೆ ಬಗ್ಗಿದಳು. "ರಾಜು ಅವರೇ, ಇಲ್ಲಿ ತೇವ ಹೀರೋ ಹರಳಿನ ಚೀಲ ಇರ್ತಿತ್ತಲ್ಲ?"

"ಹೌದು, ಕಬ್ಬಿಣ ತುಕ್ಕು ಹಿಡೀಬಾರ್ದು ಅಂತ. ಅದನ್ನೂ ಹೊತ್ಕೊಂಡು ಹೋಗಿದಾನೆ!"

ಶಿರಸ್ತ್ರಾಣ ಕೂರಿಸುತ್ತಿದ್ದ ಮರದ ಗೂಟದ ಬುಡದಲ್ಲಿ ಅವಳಿಗೆ ಮಾಸಲು ಬಣ್ಣದ ದಾರದ ತುಣುಕುಗಳು ಸಿಕ್ಕವು. ಅವನ್ನು ಅಂಗೈಯಲ್ಲಿ ಇಟ್ಟುಕೊಂಡು ಹಳೆಯ ಬಟ್ಟೆ ಪರೀಕ್ಷಿಸಲು ಬಳಸುತ್ತಿದ್ದ ತನ್ನ ಪುಟ್ಟ ನೇರಳಾತೀತ ಟಾರ್ಚು ಬಿಟ್ಟಳು. ದಾರ ತಿಳಿನೀಲಿಯಾಗಿ ಹೊಳೆಯಿತು. ಅವಳು "ಹೂಂ" ಎಂದಷ್ಟೇ ಹೇಳಿ, ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ.

ಅಲ್ಲಿ ಮಿಲ್ಪಿಟಾಸ್‌ನ ಹೋಟೆಲಿನಿಂದ ಬಂದ ಊಟದ ಟ್ರೇಗಳು ಸಾಲಾಗಿದ್ದವು. ಆಗಷ್ಟೇ ತನ್ನ ಅಪಾರ್ಟ್‌ಮೆಂಟಿನಿಂದ ಬಂದಿದ್ದ ಹನುಮಂತರಾಜು ಅವರ ಮಗಳು ಲಾಸ್ಯಾ ಮುಖ ಸಿಂಡರಿಸಿದಳು. "ಅಮ್ಮ ನೆವರ್ ಆರ್ಡರ್ಸ್ ಫುಡ್, ಆಂಟಿ. ನಿನ್ನೆ ಮಧ್ಯಾಹ್ನ ಕೂಡ ಬಿಸಿಬೇಳೆಬಾತ್ ಮಾಡ್ತೀನಿ ಅಂದಿದ್ಳು. ಐ ಕೇಮ್ ಫಾರ್ ದಟ್!"

"ಕೈ ನೋವು ಕಣೇ," ಎಂದರು ಅವಳ ತಾಯಿ ನಂಜಮ್ಮ. ಹಾಗೆನ್ನುತ್ತಲೇ ಎರಡೂ ಕೈಯಲ್ಲಿ ಭಾರದ ಟ್ರೇಯೊಂದನ್ನು ಎತ್ತಿ ಪಕ್ಕಕ್ಕಿಟ್ಟರು.

ವೇದವತಿ ಎಲ್ಲರನ್ನೂ ನಡುಮನೆಗೆ ಕರೆದು ಕೂರಿಸಿದಳು.

"ಮೊದಲು ದಾರದ ವಿಷಯ," ಎಂದಳು. "ಹಳೇ ನೂಲು ತಾನಾಗೇ ಹರಿದ್ರೆ ತುದಿ ಪುಡಿಪುಡಿಯಾಗುತ್ತೆ. ಇದನ್ನ ಕತ್ತರಿಯಲ್ಲಿ ಕತ್ತರಿಸಿದಾರೆ, ಅದೂ ಈಚೆಗೆ. ಟಾರ್ಚಿಗೆ ನೀಲಿಯಾಗಿ ಹೊಳೀತು ನೋಡಿ, ಆ ಹೊಳಪಿನ ರಾಸಾಯನಿಕ ಹಾಕೋದು ಈ ಕಾಲದ ದಾರಕ್ಕೆ. ಸಮುರಾಯಿ ಕಾಲದಲ್ಲಿ ಅದೆಲ್ಲಿತ್ತು? ಅಂದ್ರೆ ಯಾರೂ ಬಿಚ್ಚಿಲ್ಲ ಅಂದದ್ದು ಸುಳ್ಳು. ನಿಮ್ಮ ಕೈಗೆ ಬರೋ ಮೊದಲೇ ಯಾರೋ ಬಿಚ್ಚಿ, ತಿರುಗಿ ಹೊಲಿದಿದಾರೆ. ಅಸ್ತರಿನಡಿ ಇರೋದು ಸಹಿ, ಅದಕ್ಕಲ್ದೆ ಇನ್ಯಾಕೆ ಬಿಚ್ತಾರೆ?"

ಹನುಮಂತರಾಜು ಮೆಲ್ಲಗೆ ಕುರ್ಚಿಗೆ ಒರಗಿದರು. "ಸಹಿ... ಆಮೇಲೆ ಕೆತ್ತಿದ್ದಾ?"

"ಅದು ನನ್ನ ಅನುಮಾನ. ಕಬ್ಬಿಣವೇ ಹೇಳ್ಬೇಕು. ಆದ್ರೆ ನಿನ್ನೆ ಸಂಜೆ ಒಬ್ಬರು ಅದನ್ನ ನೋಡಿಬಿಟ್ಟಿದ್ರು. ಅಂಥ ಇಕ್ಕಟ್ಟಲ್ಲಿ ಕತ್ತರಿ ಆಡಿಸೋಕೆ, ಪುಟ್ಟ ಕನ್ನಡಿ ಹಿಡಿದು ನೋಡೋಕೆ ಪಳಗಿದ ಕೈ ಬೇಕು. ಹಲ್ಲಿನ ಡಾಕ್ಟರ ಕೈ. ಅದಕ್ಕೇ ಪರೀಕ್ಷೆ ಮುಂದಕ್ಕೆ ಹಾಕು ಅಂತ ಗೋಗರೆದದ್ದು, ಅಲ್ವಾ?"

ಗುರುಕಿರಣ ತಲೆಯಾಡಿಸಿದ. "ರಾಜು ಕಾಫಿ ತರೋಕೆ ಹೋದಾಗ ನೋಡಿದೆ. ಹೊಲಿಗೆ ಮೇಲೆ ನಂಗೆ ಮೊದಲಿಂದ್ಲೂ ಅನುಮಾನ. ಹೇಳೋಕೆ ಬಾಯಿ ಬರ್ಲಿಲ್ಲ."

"ನೋಡಿದಿರಾ, ಇವನೇ!" ಎಂದು ಹನುಮಂತರಾಜು ಎದ್ದರು.

"ಕೂತ್ಕೊಳಿ. ಕದ್ದದ್ದು ಇವರಲ್ಲ. ಕಳ್ಳರು ಹರಳಿನ ಚೀಲಾನೂ ತಗೊಂಡು ಹೋಗಿದಾರೆ, ಅಂದ್ರೆ ಶಿರಸ್ತ್ರಾಣ ಕೆಡಬಾರ್ದು ಅನ್ನೋ ಅಕ್ಕರೆ ಇದೆ. ಗುರುಕಿರಣ್ ಮನೇಲಿ ತೇವ ಒಳಗೆ ನುಗ್ಗದ ಕಪಾಟು ಇದೆ, ಅವರಿಗೆ ನಿಮ್ಮ ಚೀಲ ಯಾಕೆ? ಕಪಾಟು ಇಲ್ಲದವರಿಗೆ ಅದು ಬೇಕು. ಲಾಸ್ಯಾ ಬಂದದ್ದು ಈಗ." ವೇದವತಿಯ ದನಿ ಮೆತ್ತಗಾಯಿತು. "ನಂಜಮ್ಮಾ, ಎಲ್ಲರಿಗೂ ಬಿಸಿಬೇಳೆಬಾತ್ ಮಾಡಬೇಕಾದ ದೊಡ್ಡ ಕೊಳದಪ್ಪಲೆ ಎಲ್ಲಿ?"

ನಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಗರಾಜಿಗೆ ಹೋಗಿ ಕೊಳದಪ್ಪಲೆ ತಂದಿಟ್ಟು ಮುಚ್ಚಳ ತೆಗೆದರು. ಒಳಗೆ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿದ ಶಿರಸ್ತ್ರಾಣ, ಪಕ್ಕದಲ್ಲಿ ಆ ಚೀಲ.

"ಹೊರಡೋವಾಗ ಗುರಣ್ಣ ನಂಗೊಬ್ಬಳಿಗೆ ಹೇಳಿದ್ರು. ಅಷ್ಟು ಜನದ ಮುಂದೆ ಇವರ ಮುಖ ಚಿಕ್ಕದಾಗೋದನ್ನ ನಾನು ಹೆಂಗೆ ನೋಡ್ಲಿ? ಎದೆ ಬೇರೆ ಕುಯ್ದವ್ರೆ," ಎಂದರು. "ಗುರಣ್ಣನ ಮೇಲೆ ತಪ್ಪು ಬಂದಾಗ ಹೇಳೋಣ ಅಂತಿದ್ದೆ. ಅವರೇ ಬೇಡ ಅಂತ ಕಣ್ಸನ್ನೆ ಮಾಡಿದ್ರು."

ಹನುಮಂತರಾಜು ಗುರುಕಿರಣನ ಪಕ್ಕ ಹೋಗಿ ಕುಳಿತರು. "ಕಳ್ಳ ಅಂದುಬಿಟ್ಟೆನಲ್ಲೋ ನಿನ್ನ," ಎಂದರು. ಹೆಂಡತಿಯ ಕಡೆ ತಿರುಗಿ, "ನಾನೇನು ಗಾಜಿನ ಗೊಂಬೆನಾ ನಂಜಿ?" ಎಂದರು.

ಅತಿಥಿಗಳಿಗಿಂತ ಮೊದಲೇ ಬಂದ ಮಿಸೆಸ್ ಹಯಾಶಿ ಅಸ್ತರು ಸರಿಸಿ ಭೂತಗನ್ನಡಿ ಹಿಡಿದರು. ಸಹಿಯ ಗೀರುಗಳು ಹಳೆಯ ತುಕ್ಕನ್ನು ಸೀಳಿಕೊಂಡು ಹೋಗಿದ್ದವು. ಗೀರಿನ ತಳದಲ್ಲಿ ಕಬ್ಬಿಣ ಇನ್ನೂ ಬೆಳ್ಳಗಿತ್ತು. ಸಹಿ ಸುಳ್ಳೇ. ಆದರೆ ಅವರು ಕನ್ನಡಿ ಇಳಿಸಲಿಲ್ಲ. ರಿವೆಟ್‌ಗಳನ್ನೂ ಪಟ್ಟಿಗಳ ಅಂಚನ್ನೂ ನಿಧಾನವಾಗಿ ನೋಡಿ, ಶಿರಸ್ತ್ರಾಣ ಹದಿನಾರನೆಯ ಶತಮಾನದ್ದೇ, ಒಳ್ಳೆಯ ಕೈಯದು, ಮಾಡಿದವನು ಸಹಿ ಹಾಕದೆ ಬಿಟ್ಟಿದ್ದಾನೆ ಎಂದರು.

ಅತಿಥಿಗಳು ನೆರೆದಾಗ ಹನುಮಂತರಾಜು ತಿದ್ದಿ ತಿದ್ದಿ ಬರೆದಿದ್ದ ಭಾಷಣವನ್ನು ಮಡಚಿ ಜೇಬಿಗಿಟ್ಟರು. ತಾನು ಇಷ್ಟು ವರ್ಷ ಹೇಗೆ ಮೋಸಹೋದೆ ಎಂಬುದರಿಂದಲೇ ಮಾತು ಶುರು ಮಾಡಿ, ಸುಳ್ಳು ಸಹಿಯನ್ನು ಗುರುತಿಸುವುದು ಹೇಗೆಂದು ಒಬ್ಬೊಬ್ಬರನ್ನೇ ಹತ್ತಿರ ಕರೆದು ತೋರಿಸಿದರು. ಅಷ್ಟು ಚೆನ್ನಾಗಿ ಅವರು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಗಂಡನ ಕವಚದ ಮಾತೆಂದರೆ ಒಳಗೆದ್ದು ಹೋಗುತ್ತಿದ್ದ ನಂಜಮ್ಮ ಆ ದಿನ ಮುಂದಿನ ಸಾಲಿನಲ್ಲಿ ಕುಳಿತು, ಮುಗಿಯುವವರೆಗೂ ಏಳಲಿಲ್ಲ.