‘ಕೆಂಗೇರಿ ಕನ್ನಡಿ’ಯ ಮೂರು ವಾರ

ಎರಡು ಸಾವಿರದ ಆರರಲ್ಲಿ ‘ಕೆಂಗೇರಿ ಕನ್ನಡಿ’ ವಾರಪತ್ರಿಕೆಗೆ ಮೂವತ್ತು ತುಂಬಿತು. ಸಂಪಾದಕ ಅಂಜಿನಯ್ಯನವರ ಒಬ್ಬಳೇ ಮಗಳು ಅನಂತಲಕ್ಷ್ಮಿಗೆ ಇಪ್ಪತ್ತೇಳು. ಪತ್ರಿಕೆಯೂ ಅವಳೂ ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರೆಂದರೂ ಸರಿಯೇ. ಮುದ್ದೆಲ್ಲ ಅಕ್ಕನಿಗೆ, ಚಾಕರಿಯೆಲ್ಲ ತಂಗಿಗೆ.

ಅಮ್ಮ ರಾಮಮ್ಮ ತೀರಿಕೊಂಡ ಆರು ವರ್ಷದಿಂದ ಸುದ್ದಿ ಬರೆಯುವುದು, ಜಾಹೀರಾತು ತರುವುದು, ಅಂಚೆಗೆ ವಿಳಾಸ ಅಂಟಿಸುವುದು ಎಲ್ಲ ಅವಳ ತಲೆಗೇ ಬಿದ್ದಿತ್ತು. ಹೆಸರು ಮಾತ್ರ ಅಪ್ಪನದು. ಮನೆಯ ಮುಂದಿನ ಕೋಣೆಯೇ ಕಚೇರಿ. ಕೆಲಸ ಮುಗಿಸಿ ಮನೆಗೆ ಹೋಗುತ್ತೇನೆ ಎಂದು ಹೇಳುವ ಸುಖವೂ ಅವಳಿಗಿರಲಿಲ್ಲ. ‘ಒಂದು ವಾರವೂ ತಪ್ಪದ ಪತ್ರಿಕೆ’ ಎಂದು ಮೊದಲ ಪುಟದಲ್ಲಿ ಅಚ್ಚಾಗುತ್ತಿದ್ದ ಸಾಲಿಗೆ ಹೆದರಿಯೇ ಮೂರು ಸಂಬಂಧಗಳು ವಾಪಸ್ಸು ಹೋಗಿದ್ದವು.

ಅಂಥ ಕೋಣೆಗೆ, ಎರಡು ವರ್ಷದ ಹಿಂದೆ, ಕಂಪ್ಯೂಟರಿನಲ್ಲಿ ಪುಟ ಕಟ್ಟಲು ಇಳಕಲ್ಲಿನ ಶಿವಯೋಗಿ ಬಂದ. ಪರದೆಯ ಗಾಜಿನಲ್ಲಿ ಹಿಂದೆ ಕೂತ ಅವಳ ಮುಖ ಮಸುಕಾಗಿ ಕಾಣುವಂತೆ ಅವನು ದಿನವೂ ಕುರ್ಚಿ ಸರಿಸಿಕೊಳ್ಳುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಜಾಗ ಬದಲಿಸಿರಲಿಲ್ಲ.

“ಈ ಹೆಡ್ಡಿಂಗ್ ಭಾಳ ದಪ್ಪ ಆತೇನ್ರಿ?” ಶುಕ್ರವಾರ ಅವನು ತಿರುಗಿ ಕೇಳಿದ.

“ಹೆಡ್ಡಿಂಗ್ ನೋಡಿ ಕೇಳಿ. ನನ್ನ ಮುಖ ನೋಡ್ಕೊಂಡು ದಪ್ಪ ಅಂತೀರಲ್ಲ!”

“ಹೆಡ್ಡಿಂಗ್ ನಾಳೆನೂ ನೋಡಬಹುದ್ರಿ.” ಅವನ ನಗು ಅರ್ಧಕ್ಕೇ ನಿಂತಿತು. “ಹುಬ್ಬಳ್ಳಿ ಪೇಪರಿನಾಗ ಕೆಲಸ ಸಿಕ್ಕೈತಿ. ಸೋಮವಾರ ಹೊಂಟೀನಿ. ನಮ್ಮವ್ವಗ ನಿಮ್ಮ ವಿಷಯ ಹೇಳೀನಿ, ಆಕಿ ಹೂಂ ಅಂದಾಳ. ನೀವು ಏನಂತೀರಿ?”

ಹೂಂ ಎನ್ನಲು ಅವಳ ಜೀವ ಹಾತೊರೆಯಿತು. ಬಾಯಿಂದ ಬಂದದ್ದೇ ಬೇರೆ. “ನಾನು ಹೋದ್ರೆ ಪತ್ರಿಕೆ ನಿಂತೋಗತ್ತೆ. ಅಪ್ಪ ಬದುಕಲ್ಲ.”

“ಸೋಮವಾರದ ತನಕ ಕಾಯ್ತೀನ್ರಿ,” ಎಂದು ಅವನು ಮತ್ತೆ ಪರದೆಯ ಕಡೆಗೆ ತಿರುಗಿದ. ಅವಳಿಗೆ ಆ ಕೋಣೆಯ ಗೋಡೆಗಳು ಇನ್ನಷ್ಟು ಹತ್ತಿರ ಬಂದಂತಾಯಿತು.

ಮೂವತ್ತನೇ ವರ್ಷದ ವಿಶೇಷಾಂಕಕ್ಕೆ ಪತ್ರಿಕೆಯ ಇತಿಹಾಸ ಬರೆಯುವುದೂ ಅವಳ ಪಾಲಿಗೇ ಬಂದಿತ್ತು. ಶನಿವಾರ ಹಳೆಯ ಸಂಚಿಕೆಗಳ ಬೈಂಡು ತೆರೆದು ಕೂತಳು. ಎಪ್ಪತ್ತೆಂಟನೇ ಇಸವಿಗೆ ಬಂದಾಗ ಕೈ ನಿಂತಿತು. ಸಂಚಿಕೆಯ ಸಂಖ್ಯೆಯೇನೋ ತೊಂಬತ್ತಾರಾದ ಮೇಲೆ ತೊಂಬತ್ತೇಳೇ ಇತ್ತು. ದಿನಾಂಕ ಮಾತ್ರ ಮೇ ಐದರಿಂದ ಜೂನ್ ಎರಡಕ್ಕೆ ಹಾರಿತ್ತು. ನಡುವೆ ಮೂರು ವಾರ ಪತ್ರಿಕೆಯೇ ಇಲ್ಲ.

ಬೈಂಡನ್ನು ಹಾಗೇ ಎತ್ತಿಕೊಂಡು ಹೋಗಿ ಅಪ್ಪನ ಮುಂದೆ ಇಟ್ಟಳು. ಅಂಜಿನಯ್ಯನವರು ಕನ್ನಡಕ ತೆಗೆದರು.

“ಮಾಗಡಿಲಿ ನಿಮ್ಮಮ್ಮನಿಗೆ ಬೇರೆ ಗಂಡು ಗೊತ್ತು ಮಾಡಿದ್ರು. ಪ್ರೆಸ್ಸಿಗೆ ಬೀಗ ಜಡಿದು ಹೋದೆ. ನಿಮ್ಮ ತಾತ ಒಪ್ಪೋವರ್ಗೂ ಅವರ ಜಗಲಿ ಬಿಟ್ಟು ಏಳಲಿಲ್ಲ.”

“ಮೂರು ವಾರ?”

“ಮೂರು ವಾರ. ವಾಪಸ್ ಬಂದ್ರೆ, ಪತ್ರಿಕೆ ಯಾಕೆ ಬರ್ಲಿಲ್ಲ ಅಂತ ಈ ಊರಲ್ಲಿ ಒಬ್ಬನೂ ಕೇಳಲಿಲ್ಲ ಕಣೇ.” ಅವರು ಬೈಂಡನ್ನು ಮುಚ್ಚಿದರು. “ಆ ಭಯಕ್ಕೆ ಆಮೇಲೆ ಒಂದು ವಾರಾನೂ ಬಿಟ್ಟಿಲ್ಲ.”

ಅವಳಿಗೆ ಅಪ್ಪನನ್ನು ನೋಡಿ ಅಯ್ಯೋ ಅನ್ನಿಸಿತು, ಅಷ್ಟೇ ಸಿಟ್ಟೂ ಬಂತು. ಪ್ರೀತಿಗಾಗಿ ಬೀಗ ಜಡಿದವರು ಇವರು. ಆ ಭಯವನ್ನು ಹೊತ್ತು ಒಳಗೆ ಕೊಳೆಯಬೇಕಾದವಳು ತಾನೇ? ಬಾಗಿಲಲ್ಲಿ ಶಿವಯೋಗಿ ಪ್ರೂಫ್ ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಅಪ್ಪ, ಇದನ್ನ ಇತಿಹಾಸದಲ್ಲಿ ಬರೀತೀನಿ. ಆಮೇಲೆ ಇವರನ್ನ ಮದ್ವೆಯಾಗಿ ಹುಬ್ಬಳ್ಳಿಗೆ ಹೋಗ್ತೀನಿ. ಆರು ವರ್ಷದಿಂದ ಉಸಿರು ಕಟ್ಟಿದೆ ನಂಗೆ.”

“ಪತ್ರಿಕೆ ನಿಂತ್ರೆ?”

“ನಿಲ್ಲಲಿ.”

ಅಂಜಿನಯ್ಯನವರು ಕನ್ನಡಕವನ್ನು ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿಕೊಂಡರು. ಕೊನೆಗೆ, “ಈ ಸಲಾನೂ ಯಾರೂ ಕೇಳದೇ ಹೋದ್ರೆ?” ಎಂದರು. ಅಷ್ಟು ಸಣ್ಣ ದನಿಯಲ್ಲಿ ಅಪ್ಪ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಶಿವಯೋಗಿ ಒಳಗೆ ಬಂದ. “ನಾ ಕೇಳ್ತೀನ್ರಿ ಸರ್. ವರ್ಷದ ಚಂದಾ ಕಟ್ಟೇ ಹೋಗ್ತೀನಿ. ಒಂದ್ ವಾರ ಪೇಪರ್ ಬರಲಿಲ್ಲಂದ್ರ ಹುಬ್ಬಳ್ಳಿಯಿಂದ ಫೋನ್ ಹಚ್ಚಿ ಜಗಳಾ ತಗೀತೀನಿ.”

ಅಂಜಿನಯ್ಯನವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೇ ಹೇಳಿದರು:

“ಅಳಿಯಂದಿರ ಹತ್ರ ಚಂದಾ ಇಸ್ಕೊಳ್ಳಲ್ಲ ನಾವು.”