ಯಾರೂ ಇಲ್ಲದಾಗ ಹೊರಟ ಇಪ್ಪತ್ತೇಳು ಜನ

ರಜೆಯ ಮರುದಿನ ಬೆಳಿಗ್ಗೆ ಏಳಕ್ಕೆ ಗುಡ್ಡದ ಪಾರ್ಕಿನ ಮುಂದೆ ಒಂದೇ ಒಂದು ಸ್ಕೂಟರ್ ನಿಂತಿತ್ತು. ಸೀಟಿನ ಮೇಲೆ ಇಬ್ಬನಿ. ಅದರ ಒಡತಿ, ಚಿತ್ರಕಲೆಯ ಟೀಚರ್, ರಾತ್ರಿ ಮನೆಗೆ ಬಂದಿರಲಿಲ್ಲ. ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಂತಿದ್ದವಳು ಅವಳ ಅಕ್ಕ.

“ನನ್ನ ತಂಗಿ ಒಳಗೇ ಇದ್ದಾಳೆ. ಯಾಕೆ ಯಾರೂ ಹುಡುಕ್ತಿಲ್ಲ?”

“ಇಲ್ಲಮ್ಮ, ನಿನ್ನೆ ಒಳಗೆ ಹೋದವರು ಮುನ್ನೂರ ಹದಿನೆಂಟು. ಹೊರಗೆ ಬಂದವರೂ ಮುನ್ನೂರ ಹದಿನೆಂಟು” ಎಂದೆ.

ಇಲಾಖೆಯ ಪಾರ್ಕುಗಳಿಗೆ ರಜಾದಿನ ಎಷ್ಟು ಜನ ಬಂದರು, ಎಷ್ಟು ಹೊತ್ತಿಗೆ ಹೋದರು — ಅದನ್ನು ಲೆಕ್ಕವಿಡುವವನು ನಾನು. ಗೇಟಿನ ಕಂಬದಲ್ಲಿರುವ ಯಂತ್ರ ಎದುರು ಹಾದವರನ್ನೆಲ್ಲ, ಒಳಗೆ ಹೋದವರು, ಹೊರಗೆ ಬಂದವರು ಅಂತ ಬೇರೆ ಬೇರೆ ಎಣಿಸುತ್ತದೆ. ನನ್ನ ಅಂಕಿಯನ್ನು ನಂಬಿಯೇ ಪೊಲೀಸರು ರಾತ್ರಿಯಿಡೀ ಬಸ್ ನಿಲ್ದಾಣಗಳನ್ನು ಜಾಲಾಡಿದ್ದರು.

ಇನ್ಸ್‌ಪೆಕ್ಟರ್ ಮೇಡಂ ಮಾತ್ರ ಗೇಟು ಬಿಟ್ಟು ಕದಲಲಿಲ್ಲ. ಒಳಗೆ ಮಂಜು. ನಿನ್ನೆ ಮಕ್ಕಳು ಕಿರುಚಾಡಿದ ಜಾಗದಲ್ಲಿ ಒಂದು ಹಕ್ಕಿಯೂ ಉಸಿರೆತ್ತುತ್ತಿರಲಿಲ್ಲ. ನನಗೇಕೋ ಆ ಮೌನ ಹಿಡಿಸಲಿಲ್ಲ.

“ಹಿಂದಿನ ರಜೇಲಿ ಎಷ್ಟು ಜನ?” ಮೇಡಂ ಕೇಳಿದರು.

“ಒಳಗೆ ಇನ್ನೂರ ತೊಂಬತ್ತು, ಹೊರಗೆ ಇನ್ನೂರ ಅರವತ್ತೆಂಟು.”

“ಅದರ ಹಿಂದೆ?”

“ಮುನ್ನೂರೈದು, ಇನ್ನೂರ ಎಪ್ಪತ್ತೊಂಬತ್ತು.”

“ಯಾವತ್ತಾದ್ರೂ ಎರಡೂ ಒಂದೇ ಬಂದಿದ್ಯಾ?”

“ಇಲ್ಲ ಮೇಡಂ. ನಿನ್ನೆಯೇ ಮೊದಲು!” ಎಂದೆ, ಹೆಮ್ಮೆಯಿಂದ.

ಅವರು ನನ್ನನ್ನೇ ದಿಟ್ಟಿಸಿದರು. “ನಿಮಿಷ ನಿಮಿಷದ ಪಟ್ಟಿ ತೆಗೀರಿ.”

ತೆಗೆದೆ. ಆರೂ ಐದಕ್ಕೆ ಕೊನೆಯ ಗುಂಪು ಹೊರಟಿತ್ತು. ಆಮೇಲೆ ಹದಿನೇಳು ನಿಮಿಷ ಯಾರೂ ಇಲ್ಲ. ಆರೂ ಇಪ್ಪತ್ತೆರಡಕ್ಕೆ — ಒಂದೇ ನಿಮಿಷದಲ್ಲಿ ಇಪ್ಪತ್ತೇಳು ಜನ! ಒಬ್ಬರ ಹಿಂದೆ ಒಬ್ಬರು, ಎರಡೆರಡು ಸೆಕೆಂಡಿಗೆ, ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲದೆ. ಮನುಷ್ಯರು ಹಾಗೆ ನಡೆಯುವುದಿಲ್ಲ.

“ಅಷ್ಟೊಂದು ಜನ ಹೋಗೋದನ್ನ ನೋಡಿದ್ರಾ?” ಮೇಡಂ ಪಕ್ಕದಲ್ಲಿ ನಿಂತಿದ್ದ ಗೇಟಿನ ಕಾವಲಿನವನತ್ತ ತಿರುಗಿದರು.

“ಆ ಹೊತ್ತಲ್ಲಿ ಇಲ್ಲಿ ನರಪಿಳ್ಳೆನೂ ಇರ್ಲಿಲ್ಲ, ಮೇಡಂ...”

“ಹಂಗಾದ್ರೆ ಹೋಗಿದ್ದು ಯಾರು?” ಅಕ್ಕ ಕೇಳಿದಳು.

ಮೇಡಂ ಕಂಬದ ಬಳಿ ಹೋಗಿ ಯಂತ್ರದ ಮುಂದೆ ಅಂಗೈ ಆಡಿಸಿದರು. ಒಂದು. ಮತ್ತೆ ಆಡಿಸಿದರು. ಎರಡು.

“ದೆವ್ವ ಅಲ್ಲ. ಕೈ” ಎಂದರು. “ಬೆಳಿಗ್ಗೆ ಟಿಕೆಟ್ ತಗೊಂಡು ಒಬ್ಬೊಬ್ಬರೇ ಒಳಗೆ ಹೋಗ್ತಾರೆ. ಸಂಜೆ ಮಗೂನ ಹೆಗಲ ಮೇಲೆ ಕೂರಿಸಿಕೊಂಡು, ಕೈ ಕೈ ಹಿಡಕೊಂಡು ಗುಂಪಾಗಿ ಬರ್ತಾರೆ. ಯಂತ್ರದ ಲೆಕ್ಕಕ್ಕೆ ಇಬ್ಬರು ಒಬ್ಬರಾಗಿ ಬೀಳ್ತಾರೆ. ಹೊರಗಿನ ಲೆಕ್ಕ ಕಮ್ಮಿಯೇ ಬರ್ಬೇಕು. ಸರಿಯಾಗಿ ಬಂತು ಅಂದ್ರೇನೇ ಏನೋ ಎಡವಟ್ಟು. ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ — ಹಾಗಾಯ್ತು ನಿಮ್ಮ ಕಥೆ! ಬೀಗ ತೆಗೀರಿ. ಎಲ್ಲರೂ ಒಳಗೆ ನಡೀರಿ!”

ಮಂಜಿನಲ್ಲಿ ನಾವು ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಅಕ್ಕ ತಂಗಿಯ ಹೆಸರು ಹಿಡಿದು ಕೂಗುತ್ತಿದ್ದಳು. ಗುಡ್ಡ ಅದನ್ನೇ ತಿರುಗಿಸಿ ಕೂಗುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ, ಹಿಂಬದಿಯ ಒಣಗಿದ ನೀರಿನ ತೊಟ್ಟಿಯೊಳಗಿಂದ ಕಲ್ಲಿಗೆ ಕಲ್ಲು ಬಡಿದ ಸದ್ದು ಬಂತು. ಟೀಚರ್ ಅಲ್ಲಿದ್ದಳು. ಕಾಲು ಮುರಿದಿತ್ತು, ಫೋನ್ ಒಡೆದಿತ್ತು, ದನಿ ಪೂರ್ತಿ ಬಿದ್ದುಹೋಗಿತ್ತು. ಜೀವವಿತ್ತು. ನಾನು ಅತ್ತುಬಿಟ್ಟೆ.

“ಗೇಟ್ ಹಾಕಿದ್ದು ಕೇಳಿಸ್ತು ಅಕ್ಕಾ. ಎಷ್ಟು ಕೂಗಿದೆ...” ಎಂದು ಪಿಸುಗುಟ್ಟಿದಳು.

ಸ್ಟ್ರೆಚರ್ ಹೊರಗೆ ಬರುವ ಹೊತ್ತಿಗೆ ಗೇಟಿನವನು ನೆಲಕ್ಕೆ ಕುಸಿದಿದ್ದ. “ಕೈ ಆಡಿಸಿದ್ದು ನಾನೇ, ಮೇಡಂ. ಇಪ್ಪತ್ತೇಳು ಕಮ್ಮಿ ತೋರಿಸ್ತಿತ್ತು. ಲೆಕ್ಕ ಸರಿಹೋಗದೆ ಮನೆಗೆ ಹೋಗೋ ಹಾಗಿಲ್ಲ ಅಂತ ಹೋದ ವಾರ ಆರ್ಡರ್ ಬಂತು. ಒಳಗೆ ಒಂದು ಸುತ್ತು ಹಾಕಿದ್ದೆ. ಯಾರೂ ಕಾಣ್ಲಿಲ್ಲ. ಹೊಟ್ಟೆಪಾಡು, ಏನ್ ಮಾಡ್ಲಿ?”

ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದುಕೊಟ್ಟ. ಮೇಡಂ ಓದಿದರು. ಕೆಳಗಿನ ಸಹಿಯ ಮೇಲೆ ಬೆರಳಿಟ್ಟು ನನ್ನ ಮುಂದೆ ಹಿಡಿದರು.

“ಅವನು ಕೈ ಆಡಿಸಿದ. ಅವನನ್ನ ಆಡಿಸಿದವರು ನೀವು. ಸಹಿ ನಿಮ್ಮದೇ ತಾನೆ?”

“ಹೌದು.”

ಆಂಬ್ಯುಲೆನ್ಸ್ ಹತ್ತುತ್ತಿದ್ದ ಅಕ್ಕ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

“ಸಾರ್, ರಜೆ ದಿನ ನೀವು ಯಾವತ್ತಾದ್ರೂ ಇಲ್ಲಿಗೆ ಬಂದಿದ್ದೀರಾ?”

ಹನ್ನೊಂದು ವರ್ಷದಿಂದ ಎಣಿಸುತ್ತಿದ್ದೆ. ಒಮ್ಮೆಯೂ ಬಂದಿರಲಿಲ್ಲ.